ಮಾಪದೊಳಗಿನ ಹೆಬ್ಬೆರಳು

ಗುಂಜಿಯ ಸಾವಂತ್ರವ್ವ ಇಪ್ಪತ್ತು ವರ್ಷದಿಂದ ಬೆಳಗಾವಿಗೆ ಹಾಲು ತರುತ್ತಿದ್ದಳು. ಗಂಡ ಮಾಯಪ್ಪ ಎಮ್ಮೆ ಹಿಂಡಿ ಕ್ಯಾನು ತುಂಬಿಸಿ ಕೊಡುವುದು, ಇವಳು ಬೆಳಗಿನ ರೈಲುಗಾಡಿ ಹತ್ತಿ ಬಂದು ಶಿವಬಸವ ನಗರದ ಹದಿನೆಂಟು ಮನೆಗೆ ಹಾಕಿ ಹೋಗುವುದು. ಹಾಲಳೆಯುವ ಅವಳ ಲೀಟರಿನ ಮಾಪಕ್ಕೆ ಉದ್ದನೆಯ ಹಿಡಿಕೆ. ಕ್ಯಾನಿನೊಳಗೆ ಇಳಿಯುವುದು ಮಾಪ ಮಾತ್ರ, ಕೈ ಎಂದೂ ಇಳಿದದ್ದಿಲ್ಲ. ಅಳೆದು ಮುಗಿದ ಮೇಲೆ ಕೊಸರೆಂದು ಇನ್ನೊಂದಿಷ್ಟು ಸುರಿಯುವುದು ಅತ್ತೆಯಿಂದ ಬಂದ ರೂಢಿ. ಕೊಸರು ಹಾಕದೆ ಕ್ಯಾನು ಮುಚ್ಚಿದರೆ ಎಮ್ಮೆ ಬತ್ತುತ್ತದೆ ಎಂದು ಹೇಳಿಟ್ಟೇ ಆ ಮುದುಕಿ ಕಣ್ಣು ಮುಚ್ಚಿದ್ದಳು.

ಇಂಥವಳ ಹೆಬ್ಬೆರಳು ಒಂದು ಸೋಮವಾರ ಊರವರ ಬಾಯಿಗೆ ಬಿತ್ತು.

ಅದನ್ನು ಅವಳಿಗೆ ತೋರಿಸಿದವಳು ಕಾಲೇಜಿಗೆ ಹೋಗುವ ಸಾಕ್ಷಿ, ಗಿರಾಕಿ ಮನೆಯ ಹುಡುಗಿ. ಹಿಂದವಾಡಿಯಲ್ಲಿ ಅನಿಕೇತ ಎಂಬ ಕಲಾವಿದನ ಚಿತ್ರಗಳ ಪ್ರದರ್ಶನ ನಡೆದಿದೆ, ಅದರಲ್ಲಿ ನಿನ್ನ ಚಿತ್ರವೂ ಇದೆ ಎಂದು ಮೊಬೈಲ್ ಮುಂದೆ ಹಿಡಿದಳು. ಮೂಗುತಿ ತನ್ನದೇ, ಹಣೆಯ ಮೇಲಿನ ಗಾಯದ ಗುರುತೂ ತನ್ನದೇ. ಆದರೆ ಚಿತ್ರದವಳ ಕೈಯಲ್ಲಿ ಹಿಡಿಕೆಯಿಲ್ಲದ ಗಿಡ್ಡ ಮಾಪ, ಅದರೊಳಗೆ ಗೆಣ್ಣಿನವರೆಗೂ ಮುಳುಗಿದ ಹೆಬ್ಬೆರಳು! ಬೆರಳು ಮುಳುಗಿದಷ್ಟು ಹಾಲು ಕಡಿಮೆ. ಇದು ಯಾರಿಗೆ ತಾನೆ ಗೊತ್ತಿಲ್ಲ?

ಗುರುವಾರದ ಹೊತ್ತಿಗೆ ಎರಡು ಮನೆಯವರು "ನಾಳಿಂದ ಪಾಕೀಟ ಹಾಲು ತೊಗೋತೀವಿ ಬಿಡವಾ" ಅಂದರು. ಮೂರನೆಯ ಮನೆಯಲ್ಲಿ ಅವಳು ಅಳೆಯುತ್ತಿದ್ದರೆ ಗಂಡ, ಹೆಂಡತಿ, ಮಕ್ಕಳೆಲ್ಲ ಬಾಗಿಲಲ್ಲಿ ನಿಂತು ಅವಳ ಬೆರಳನ್ನೇ ನೋಡಿದರು. ಸಾವಂತ್ರವ್ವನಿಗೆ ಮೈಯೆಲ್ಲ ಉರಿದುಹೋಯಿತು. ಆ ಹೆಬ್ಬೆರಳನ್ನು ಅಳಿಸಿ ಹಾಕಿಸದೆ ಗುಂಜಿಯ ಗಾಡಿ ಹತ್ತುವುದಿಲ್ಲ ಎಂದು ನಿರ್ಧಾರ ಮಾಡಿಯೇಬಿಟ್ಟಳು.

ಆದರೆ ಅಂಥ ಜಾಗದಲ್ಲಿ ತನ್ನ ಮಾತು ಯಾರು ಕೇಳುತ್ತಾರೆ? ಕಲಿತವರೊಬ್ಬರು ಜೊತೆಗಿರಲಿ ಎಂದು ನಾಗರತ್ನಾ ಅಕ್ಕೋರನ್ನು ಕರೆದಳು. ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು, ಅವಳ ಮೊಟ್ಟಮೊದಲ ಗಿರಾಕಿ. ದಿನಾ ಬೆಳಿಗ್ಗೆ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಪೂಜೆಗೆ ಕೂತುಬಿಡುತ್ತಿದ್ದರು, ಹಾಲು ಹಾಕಿದ್ದನ್ನು ಒಂದು ದಿನವೂ ನಿಂತು ನೋಡಿದವರಲ್ಲ. ಅದನ್ನೇ ನಂಬಿಕೆ ಅಂತ ಸಾವಂತ್ರವ್ವ ತಿಳಿದಿದ್ದಳು.

"ನೀವು ಎರಡು ಮಾತು ಹೇಳಿದ್ರ ಸಾಕ್ರಿ ಅಕ್ಕೋರ" ಅಂದಳು.

"ನಡಿ ಹೋಗೂಣು, ನಾನೂ ಪ್ರದರ್ಶನ ನೋಡಿಲ್ಲ" ಎಂದು ಅವರು ರೇಷ್ಮೆ ಸೀರೆ ಉಟ್ಟು ಹೊರಟರು.

ಪ್ರದರ್ಶನದ ಹಾಲ್ ಅಂದರೆ ಹಾಲ್! ತಂಪು ಹವಾ, ಬಿಳಿ ಗೋಡೆ, ಚಿತ್ರಕ್ಕೊಂದು ದೀಪ. ಬಾಗಿಲಲ್ಲಿ 'ನಿತ್ಯದ ನಗರ' ಎಂಬ ಬೋರ್ಡು. ನಿತ್ಯದ ನಗರವಂತೆ! ಹಾಲಿನ ಖಾಲಿ ಕ್ಯಾನನ್ನು ಒಳಗೆ ತರಬೇಡ, ಹೊರಗಿಡು ಎಂದು ಅಲ್ಲಿದ್ದವನು ಅವಳನ್ನು ತಡೆದ. ಒಳಗೆ ಅದೇ ಕ್ಯಾನಿನ ಚಿತ್ರಕ್ಕೆ ದೀಪ ಹಾಕಿದ್ದರು.

ಜನ ಕೈ ಹಿಂದೆ ಕಟ್ಟಿಕೊಂಡು ಒಂದೊಂದು ಚಿತ್ರದ ಮುಂದೆ ನಿಲ್ಲುವುದು, ಎರಡು ಹೆಜ್ಜೆ ಹಿಂದೆ ಸರಿಯುವುದು, ತಲೆ ವಾಲಿಸುವುದು, "ಆಹಾ" ಅನ್ನುವುದು. ಎಮ್ಮೆ ಕೊಳ್ಳಲು ಬಂದವರಾದರೂ ಹಲ್ಲು ಎಣಿಸುತ್ತಾರೆ, ಇವರು ಏನು ಎಣಿಸುತ್ತಾರೋ ಅವಳಿಗೆ ತಿಳಿಯಲಿಲ್ಲ. ಚಿತ್ರಗಳೋ, ದೇವರಿಗೇ ಪ್ರೀತಿ. ಒಂದರಲ್ಲಿ ಆಟೋದವನು ಆಕಾಶ ನೋಡುತ್ತ ಕೂತಿದ್ದ. ಇನ್ನೊಂದರಲ್ಲಿ ಕಾಯಿಪಲ್ಲೆ ಮಾರುವವಳು ಗಲ್ಲಕ್ಕೆ ಕೈಕೊಟ್ಟು ಕನಸು ಕಾಣುತ್ತಿದ್ದಳು. ಹಾಗೆ ಕೂತವಳ ಬುಟ್ಟಿಯಲ್ಲಿ ದನ ಬಾಯಿ ಹಾಕದೆ ಬಿಡುತ್ತದೆಯೇ? ಮತ್ತೊಂದರಲ್ಲಿ ರಸ್ತೆ ದಾಟುವ ಎಮ್ಮೆ, ಅದರ ಕೆಚ್ಚಲು ಹೆಚ್ಚುಕಡಿಮೆ ಮುಂಗಾಲಿಗೇ ಬಂದಿತ್ತು.

"ಇದನ್ನ ಹಿಂಡಾಂವ ಎಲ್ಲಿ ಕುಂದರಬೇಕರೀ?" ಎಂದು ಜೋರಾಗಿಯೇ ಕೇಳಿದಳು.

"ಸುಮ್ನಿರ" ಎಂದು ನಾಗರತ್ನಾ ಗದರಿದರು.

ಕೊನೆಯ ಗೋಡೆಯಲ್ಲಿ ಅವಳೇ ಇದ್ದಳು, ಬಾಗಿಲಿನಷ್ಟು ದೊಡ್ಡದಾಗಿ. ಹೆಬ್ಬೆರಳೊಂದೇ ಸೌತೆಕಾಯಿಯಷ್ಟಿತ್ತು. ಪಕ್ಕದಲ್ಲಿ ಅನಿಕೇತ, ಖಾದಿ ಜುಬ್ಬಾ, ಕುರುಚಲು ಗಡ್ಡ. ಇವಳನ್ನು ನೋಡಿದ್ದೇ ಅವನ ಮುಖ ಅರಳಿತು.

"ಅರೇ, ಮಾವಶಿ! ಬರ್ರಿ ಬರ್ರಿ. ಒಂದು ಫೋಟೋ ಹೊಡಕೊಳ್ಳೋಣು."

"ಫೋಟೋ ಆಮ್ಯಾಲ. ಈ ಕೈ ಯಾರದರೀ ಸಾಹೇಬ್ರ?"

ಅವನು ನಕ್ಕ. "ಮುಖ ನಿಮ್ಮದ. ಸ್ಟೇಷನ್‌ದಾಗ ಫೋಟೋ ತಗದಿದ್ದೆ, ಅದರಾಗ ಕೈ ಬಂದಿರಲಿಲ್ಲ. ಮನ್ಯಾಗ ನಾನ ಒಂದು ಗ್ಲಾಸು ಹಿಡಕೊಂಡು, ನನ್ನ ಕೈ ನೋಡಿ ಬರದೆ."

"ನಿಮ್ಮ ಕೈಗೆ ಬಳಿ ತೊಡಿಸಿ ನನ್ನದು ಮಾಡೀರಿ! ಗ್ಲಾಸಿನ್ಯಾಗ ಹೆಬ್ಬಟ್ಟ ಅದ್ದಿ ಹಿಡ್ಯಾವ್ರು ನೀವು, ಕಳ್ಳಿ ಅನಿಸಿಕೊಂಡಾಕಿ ನಾನು. ನನ್ನ ಮಾಪಕ್ಕ ಹಿಡಿಕಿ ಐತ್ರಿ. ಈ ಬಟ್ಟ ಅಳಿಸ್ರಿ ಮೊದಲ."

"ಹಂಗ ಅಳಿಸಾಕ ಬರಂಗಿಲ್ಲ ಮಾವಶಿ. ಖರೇ ಹೇಳ್ಬೇಕಂದ್ರ ಜನ ಆ ಬಟ್ಟ ನೋಡೇ ಇಲ್ಲಿ ನಿಂದರ್ತಾರ. ಬಡವರ ಸಣ್ಣ ಜಾಣತನ, ಎಷ್ಟು ಚಂದ ಬಂದೈತಿ ಅಂತಾರ. ಅದರಾಗ ಜೀವ ಐತಿ."

ಅಯ್ಯೋ ನಿನ್ನ ಜೀವಕ್ಕಿಷ್ಟು! ಗ್ಲಾಸು ಹಿಡಿಯಲು ಬಾರದವನ ತಪ್ಪು ಇವಳ ಜಾಣತನವಾಗಿ ಗೋಡೆಗೇರಿತ್ತು. ಸುತ್ತ ನಾಲ್ಕು ಜನ ಸೇರಿದ್ದರು. ಸಾವಂತ್ರವ್ವ ತಿರುಗಿ ನೋಡಿದಳು. ತನ್ನ ಪರ ಮಾತಾಡಲು ಅಕ್ಕೋರಿದ್ದರಲ್ಲ.

"ಅಕ್ಕೋರ, ನೀವ ಹೇಳ್ರಿ ಇವರಿಗೆ. ನಾ ಎಂದರ ಅಳತ್ಯಾಗ ಮೋಸ ಮಾಡೇನೇನ್ರಿ?"

ನಾಗರತ್ನಾ ಸೆರಗು ಸರಿಮಾಡಿಕೊಂಡರು. ಅವರ ಮುಖದಲ್ಲಿ ದೊಡ್ಡ ಕರುಣೆ ಇತ್ತು.

"ಹೋಗ್ಲಿ ಬಿಡ ಸಾವಂತ್ರವ್ವ, ಎಷ್ಟು ಎಳೀತಿ? ಒಂದೀಟು ಹೆಚ್ಚುಕಡಿಮಿ ಹಾಲಿನವ್ರು ಎಲ್ಲಾರೂ ಮಾಡ್ತಾರ. ನಮಗ ಗೊತ್ತಿಲ್ಲೇನ? ಪಾಪ, ಗುಂಜಿಯಿಂದ ಬರ್ತಾಳ, ಆಕೀದೂ ಹೊಟ್ಟಿ ನಡೀಬೇಕು ಅಂತ ಇಪ್ಪತ್ತು ವರ್ಷ ನಾ ಏನರ ಅಂದೀನೇನ ನಿನಗ?"

ಸುತ್ತಲಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ಅಕ್ಕೋರ ಮನಸ್ಸು ದೊಡ್ಡದು ಎಂದು ಒಬ್ಬರು ಮೆಚ್ಚಿದರು.

ಚಿತ್ರದವನಿಗೆ ಕೊಡಲು ಸಾವಂತ್ರವ್ವನ ಹತ್ತಿರ ನೂರು ಬೈಗುಳ ಇದ್ದವು, ಇದಕ್ಕೆ ಒಂದೂ ಇರಲಿಲ್ಲ. ಇಪ್ಪತ್ತು ವರ್ಷ ಒಂದು ದಿನವೂ ತಪ್ಪದೆ ಅಕ್ಕೋರ ಪಾತ್ರೆಗೆ ಕೊಸರು ಸುರಿದಿದ್ದಳು. ಈ ಹೆಂಗಸು ಅದನ್ನು ಕುಡಿದು, ಮೇಲೆ ಕ್ಷಮೆಯನ್ನೂ ಮಾಡಿದ್ದಳು. ಸಾವಂತ್ರವ್ವ ಹೊರಗೆ ಬಂದು ಕ್ಯಾನು ಎತ್ತಿಕೊಂಡು ಸ್ಟೇಷನ್ ಕಡೆ ನಡೆದಳು. ಹೆಬ್ಬೆರಳು ಗೋಡೆಯ ಮೇಲೆ ಹಾಗೆಯೇ ಉಳಿಯಿತು.

ಮರುದಿನ ಅಕ್ಕೋರ ಕಟ್ಟೆಯ ಮೇಲೆ ಎಂದಿನಂತೆ ಪಾತ್ರೆ ಇತ್ತು. ಸಾವಂತ್ರವ್ವ ಅದನ್ನು ಮುಟ್ಟಲಿಲ್ಲ.

"ಅಕ್ಕೋರ, ಹೊರಗ ಬರ್ರಿ. ಇವತ್ತು ನೀವು ನಿಂತು ನೋಡಬೇಕು."

ನಾಗರತ್ನಾ ವಿಭೂತಿ ಹಚ್ಚಿದ ಹಣೆಯಲ್ಲೇ ಗೊಣಗುತ್ತ ಬಂದರು. ಸಾವಂತ್ರವ್ವ ಹಿಡಿಕೆಯ ತುದಿ ಹಿಡಿದು ಮಾಪ ಇಳಿಸಿದಳು, ಅಂಚಿನವರೆಗೆ ತುಂಬಿ ಎತ್ತಿದಳು, ಸುರಿದಳು. ಒಂದು. ಇನ್ನೊಮ್ಮೆ ಇಳಿಸಿ ಎತ್ತಿದಳು. ಎರಡು. ಕ್ಯಾನಿನ ಮುಚ್ಚಳ ಹಾಕಿದಳು. ಅತ್ತೆ ಮೇಲಿಂದ ಶಾಪ ಹಾಕುವುದಿದ್ದರೆ ಹಾಕಲಿ.

ನಾಗರತ್ನಾ ಪಾತ್ರೆಯೊಳಗೆ ಬಗ್ಗಿ ನೋಡಿದರು. ವರ್ಷಾನುಗಟ್ಟಲೆ ಹಾಲು ನಿಂತು ನಿಂತು ಒಳಗೆ ಮಾಸಿದ ಗೆರೆಯೊಂದು ಬಿದ್ದಿತ್ತು. ಹಾಲು ಅದಕ್ಕಿಂತ ಎರಡು ಬೆರಳು ಕೆಳಗೆ ನಿಂತಿತ್ತು.

"ಯಾಕ? ಕಡಿಮಿ ಐತಲ್ಲ ಇವತ್ತು!"

"ಕಡಿಮಿ ಇಲ್ರಿ. ಕಣ್ಣೆದುರಿಗೇ ಹಾಕೀನಲ್ಲ, ಬರೋಬ್ಬರಿ ಎರಡು ಲೀಟರ್. ಮ್ಯಾಲಿಂದು ಇಪ್ಪತ್ತು ವರ್ಷ ನಾ ಪುಕ್ಕಟ ಹಾಕಿದ್ದು. ನೀವು ಹೊಟ್ಟ್ಯಾಗ ಹಾಕ್ಕೊಂಡ ಮೋಸ ಅದರೀ ಅಕ್ಕೋರ."

ನಾಗರತ್ನಾ ಆ ಗೆರೆಯನ್ನೇ ನೋಡುತ್ತ ನಿಂತರು. ಅಷ್ಟರಲ್ಲಿ ಸಾವಂತ್ರವ್ವ ಕಟ್ಟೆ ಇಳಿದಾಗಿತ್ತು. ಪಕ್ಕದ ಮನೆಯಲ್ಲಿ ಅವಳು ಎರಡು ಮಾಪ ಅಳೆದು, ಮೇಲೆ ಕೊಸರು ಸುರಿದ ಸಪ್ಪಳ ಇಲ್ಲಿಗೂ ಕೇಳಿಸಿತು.