ಎರಡೂ ಕಡೆ ಸೇರಿಸುವ ಪೆಟ್ಟಿಗೆ

ಅಂಗಡಿಯವನು ನಮಸ್ಕಾರ ಮಾಡಿದ ರೀತಿಯಲ್ಲೇ ನನಗೆ ಅನುಮಾನ ಹತ್ತಿತು. ಹೊಸ ಗಿರಾಕಿಗೆ ಯಾರೂ ಹಾಗೆ ಕೈ ಮುಗಿಯುವುದಿಲ್ಲ. "ಆಯಿಯೇ ಮೇಜರ್ ಸಾಬ್, ವಹೀ ವಾಲಾ ರಖಾ ಹೈ," ಅಂದ. ಅದನ್ನೇ ಎತ್ತಿಟ್ಟಿದ್ದಾನಂತೆ. ಅಂದರೆ ಪೊನ್ನಣ್ಣ ಭಾವ ಮೊದಲೇ ಒಬ್ಬರೇ ಬಂದು ಹೋಗಿದ್ದಾರೆ, ಆಯ್ಕೆಯೂ ಮುಗಿದಿದೆ. ಮತ್ತೆ ನನ್ನನ್ನು ನಾನಿರುವ ಮುನಿರ್ಕಾದಿಂದ ಈ ಜನಕ್‌ಪುರಿಯವರೆಗೆ ಕರೆಸಿದ್ದು ಯಾತಕ್ಕೆ? ತಲೆಯಾಡಿಸುವುದಕ್ಕೆ?

ಕರೆಸಿದ್ದು ಜೀವಿತಾ ಅಕ್ಕ. ದ್ವಾರಕಾದ ತಮ್ಮ ಫ್ಲ್ಯಾಟಿಗೆ ಭಾವ ಹೋಮ್ ಥಿಯೇಟರ್ ತರಲು ಹೊರಟಾಗ ಅವಳು ಕೇಳಿದ್ದು ಒಂದೇ. ಸಿನಿಮಾ ನೋಡಿಕೊಳ್ಳಿ, ಆದರೆ ಮಧ್ಯಾಹ್ನ ನಾನು ಹಾಡು ಕೇಳಬೇಕು, ಅದು ಕೆಡಬಾರದು. ಟೀವಿ, ಡಿವಿಡಿ, ಸಿಡಿ ಎಲ್ಲದರ ಸದ್ದನ್ನೂ ತೆಗೆದುಕೊಂಡು ಸ್ಪೀಕರುಗಳಿಗೆ ಹಂಚುವ ರಿಸೀವರ್ ಪೆಟ್ಟಿಗೆ ಎರಡಕ್ಕೂ ಒದಗುವಂಥದ್ದಾಗಬೇಕು. ನಾನು ಮದುವೆ ಟೆಂಟುಗಳಿಗೆ ಸೌಂಡ್ ಕಟ್ಟುವವನು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು ಅನ್ನುವಲ್ಲಿಗೆ ಭಾವನ ಸ್ನೇಹಿತರ ಮುಂದೆ ನನ್ನ ಪರಿಚಯ ಮುಗಿಯುತ್ತದೆ. ಆದರೆ ಕೇಳುವುದನ್ನು ನನಗೆ ಕಲಿಸಿದವಳು ಅಕ್ಕ. ಚಿಕ್ಕವನಿದ್ದಾಗ ಎರಡು ಸ್ಪೀಕರುಗಳ ನಡುವೆ ಮಲಗಿಸಿ, "ಕಣ್ಣು ಮುಚ್ಕೋ, ವಯಲಿನ್ ಎಲ್ಲಿದೆ ತೋರಿಸು," ಅನ್ನುತ್ತಿದ್ದಳು.

ಅಕ್ಕನನ್ನು ಎದುರಿನ ಸೋಫಾದಲ್ಲಿ ಕೂರಿಸಿ, ಅಂಗಡಿಯವನು ಎರಡು ಪೆಟ್ಟಿಗೆ ಹಚ್ಚಿ ತೋರಿಸಿದ. ಭಾವ ಆರಿಸಿದ್ದರಲ್ಲಿ ಹೆಲಿಕಾಪ್ಟರೊಂದು ಬೆನ್ನ ಹಿಂದಿನಿಂದ ಬಂದು ತಲೆ ಮೇಲೆ ಹಾರಿತು. ಇನ್ನೊಂದು ಭಾರದ ಪೆಟ್ಟಿಗೆ. ಅದರಲ್ಲಿ ಹಾಡು ಹಾಕಿದರೆ ಹಾಡುವವಳು ಮಧ್ಯಕ್ಕೆ, ವಯಲಿನ್ ಎಡಕ್ಕೆ, ಮೃದಂಗ ಬಲಕ್ಕೆ ಬಂದು ಕೂತರು.

"ಎರಡರದ್ದೂ ವಾಲ್ಯೂಮ್ ಸಮ ಮಾಡು ಭಯ್ಯಾ," ಅಂತ ಹಿಂದಿಯಲ್ಲಿ ಗದರಿದೆ. ಮಾರಬೇಕಾದ್ದನ್ನು ಒಂದು ಚೂರು ಏರಿಸಿಡುವುದು ಇವರ ಹಳೆಯ ಆಟ. ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಅವನು ಹಲ್ಲು ಕಿರಿಯುತ್ತ ಸಮ ಮಾಡಿದ. ಆಗಲೂ ಹಾಡಿಗೆ ಭಾರದ್ದೇ ಮೇಲು.

ಭಾವ ನನ್ನ ಮುಖವನ್ನೂ ನೋಡಲಿಲ್ಲ. ಅಂಗಡಿಯವನ ಹತ್ತಿರ ಬಗ್ಗಿ, ತಾವು ಆರಿಸಿದ್ದನ್ನು ತೋರಿಸಿ, ಮೆಲ್ಲಗೆ, "ಇಸ್ಮೇ ದೋನೋ ಸೈಡ್ ಏಕ್ ಹೋ ಜಾತಾ ಹೈ ನಾ? ಪಕ್ಕಾ?" ಅಂದರು.

ಮೈ ಉರಿಯಿತು. ಎಡ ಬಲ ಎರಡನ್ನೂ ಒಂದೇ ಮಾಡಿದರೆ ಸ್ಟೀರಿಯೋ ಎಲ್ಲಿ ಉಳಿಯಿತು? ಹಾಡು ಕೇಳುವವರು ಯಾರಾದರೂ ಕೇಳುವ ಪ್ರಶ್ನೆಯಾ ಅದು?

"ಭಾವ, ಹೆಲಿಕಾಪ್ಟರ್ ಬೇಕಿದ್ರೆ ಹೆಲಿಕಾಪ್ಟರ್ ಬೇಕು ಅನ್ನಿ. ಅಕ್ಕನ ಹಾಡಿನ ನೆಪ ಯಾಕೆ?"

"ಮೆಲ್ಲಗೆ ಮಾತಾಡು ಮಾರಾಯ. ಇದು ನಿನ್ನ ಟೆಂಟ್ ಅಲ್ಲ."

"ಇವನಿಗೂ ನಿಮಗೂ ಏನು ಒಪ್ಪಂದ, ಅದನ್ನ ಹೇಳಿ."

ಅಕ್ಕ ಸೋಫಾದಲ್ಲೇ ಕೂತಿದ್ದಳು. ಭಾವ ಹೋಗಿ ಅವಳ ಬಲಕ್ಕೆ ಕೂತರು. ನಾನು ಎಡಕ್ಕೆ ಕೂತು, "ನೀನೇ ಹೇಳಕ್ಕ, ಯಾವುದು ಬೇಕು?" ಅಂದೆ. ಅವಳು ತಿರುಗಲಿಲ್ಲ. ಇನ್ನೊಮ್ಮೆ ಕೇಳಿದೆ. ಭಾವ ಭುಜ ತಟ್ಟಿದ ಮೇಲೆ ತಿರುಗಿದಳು.

"ಏನಕ್ಕ, ಬಾಯಿ ಬಿಡೋದಕ್ಕೂ ಇವರ ಅಪ್ಪಣೆ ಬೇಕಾ?"

"ಆ ಕಡೆಯಿಂದ ಮಾತಾಡ್ಬೇಡ ಮಾಚು," ಅಂದಳು ಅಕ್ಕ. "ಆ ಕಿವಿ ಹೋಯ್ತು."

ಹೋದ ಚಳಿಗಾಲದಲ್ಲಿ ಮಗನಿಗೆ ಶಾಲೆಯಲ್ಲಿ ಮಂಗನಬಾವು ತಗುಲಿತ್ತಂತೆ, ಅವನಿಂದ ಅವಳಿಗೆ. ಬಾವು ಇಳಿಯಿತು, ಎಡಗಿವಿ ಮಾತ್ರ ತಿರುಗಿ ಬರಲಿಲ್ಲ. "ಎರಡು ಸ್ಪೀಕರ್‌ನಲ್ಲಿ ಹಾಕಿದ್ರೆ ವಯಲಿನ್ ಪಕ್ಕದ ಮನೇಲಿ ಬಾರಿಸಿದ ಹಾಗಿರತ್ತೆ. ಎರಡನ್ನೂ ಸೇರಿಸಿ ಕೊಡೋದು ಸಿಗತ್ತಾ ಅಂತ ಇವರು ಅಂಗಡಿ ಅಂಗಡಿ ಅಲೆದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮೊದಲು ಏನು ಕೇಳ್ತಿದ್ದೆ?"

ಯಾರು ಹೊಡೆದದ್ದು ಅಂತ. ಆ ಮಾತು ಆಗಲೇ ನನ್ನ ನಾಲಿಗೆ ತುದಿಗೆ ಬಂದಿತ್ತು, ಕಣ್ಣು ಭಾವನ ಕೈ ಮೇಲಿತ್ತು. ಅಕ್ಕ ನನ್ನ ಕಣ್ಣು ಹೋದ ಕಡೆ ನೋಡಿ, "ಇದಕ್ಕೇ," ಅಂದಳು.

"ಹೊಡೆದಿದ್ರೆ ನಿಮ್ಮಕ್ಕ ನನ್ನ ಸುಮ್ನೆ ಬಿಡ್ತಿದ್ಲಾ?" ಅಂದರು ಭಾವ. "ನಿಮ್ಮನೆಯವರ ಸಿಟ್ಟು ನನಗೆ ಗೊತ್ತಿಲ್ವಾ."

ನನಗೆ ನಗು ಬರಲಿಲ್ಲ. ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದೆ. ಅಕ್ಕ ಅವರ ತೋಳಿಗೆ ಒರಗಿಕೊಂಡೇ ಇದ್ದಳು. ಹೆದರಿದವಳು ಹಾಗೆ ಒರಗುವುದಿಲ್ಲ ಅಂದುಕೊಂಡೆ.

"ಮತ್ತೆ ನನ್ನ ಕರೆಸಿದ್ದು ಯಾಕೆ?"

"ಸೇರಿಸಿದ ಮೇಲೂ ಹಾಡು ಹಾಡಾಗಿ ಉಳಿಯತ್ತಾ ಅಂತ ನೀನು ಕೇಳಿ ಹೇಳ್ಬೇಕು. ನನ್ನ ಕಿವೀನ ನಾನೀಗ ನಂಬಲ್ಲ."

ಭಾರದ ಪೆಟ್ಟಿಗೆಯಲ್ಲಿ ಆ ಏರ್ಪಾಡು ಇದೆಯಾ ಅಂತ ಕೇಳಿದೆ. "ಸಬ್ ಹೋ ಜಾಯೇಗಾ," ಎಲ್ಲ ಆಗುತ್ತೆ ಅಂದ ಅಂಗಡಿಯವನು. "ದಿಖಾ," ತೋರಿಸು ಹಾಗಾದರೆ ಅಂದೆ. ರಿಮೋಟ್ ಒತ್ತಿ ಒತ್ತಿ ಬೆವರಿದ. ಇರಲಿಲ್ಲ.

ಭಾವ ಆರಿಸಿದ್ದರಲ್ಲಿ ಅದೇ ಹಾಡು ಹಾಕಿಸಿದೆ. ಎಡ ಬಲ ಸೇರಿದ ಕೂಡಲೇ ಕಛೇರಿಯವರೆಲ್ಲ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತ ಹಾಗಾಯಿತು. ಒಂದು ಹಾಡು ಪೂರ್ತಿ ಕೇಳಿದೆ. ಎದ್ದು ಅಕ್ಕನ ಬಲಕ್ಕೆ ಹೋದೆ. ಭಾವ ಸರಿದು ಜಾಗ ಬಿಟ್ಟರು.

"ಅಗಲ ಸತ್ತುಹೋಯ್ತು," ಅಂದೆ.

"ಅಗಲ ನನಗೆ ಹೇಗೂ ಇಲ್ಲ. ದನಿ?"

"ದನಿ ಕೆಟ್ಟಿಲ್ಲ. ವಯಲಿನ್ನೂ."

ಅವಳು ಕಣ್ಣು ಮುಚ್ಚಿ ಕೇಳಿದಳು. ತೊಡೆಯ ಮೇಲೆ ತಾಳ ಹಾಕತೊಡಗಿದಳು. ನನ್ನ ಕಿವಿಗೆ ಇಕ್ಕಟ್ಟಾದದ್ದು ಅವಳಿಗೆ ಇಡಿಯಾಗಿ ಸಿಕ್ಕಿತ್ತು.

"ಇದೇ ಇರಲಿ," ಅಂದೆ. "ನಾನು ಬಂದಾಗ ಎಡ ಬಲ ಬೇರೆ ಮಾಡಿಕೊಂಡು ಕೇಳ್ತೀನಿ."

"ಬಾರಯ್ಯ ಮೊದಲು," ಅಂದರು ಭಾವ. "ದೀಪಾವಳಿಗೆ ಕರೆದ್ರೂ ಬರಲಿಲ್ಲ ನೀನು."

ಅಂಗಡಿಯವನು ತಂದ ಡಬ್ಬದ ಸೀಲು ಬಿಚ್ಚಿಸಿ, ತೋರಿಸಿದ ಮಾಡೆಲೇ ಒಳಗಿದೆಯಾ ಅಂತ ನೋಡತೊಡಗಿದೆ.