ಕೂದಲು ತೂರದ ಸಂದು

ಐದನೇ ಸಾಲಿನ ಹಲಗೆಗಳು ಕೂಡುವ ಕಡೆ ಯಲ್ಲಯ್ಯ ಕಿರುಬೆರಳಿನ ಉಗುರು ಹಾಕಿ ನೋಡಿದ. ಸಲೀಸಾಗಿ ಇಳಿಯಿತು. ಆ ಒಂದು ಸಾಲಷ್ಟೇ ಅಲ್ಲ, ನಿನ್ನೆ ಕೂರಿಸಿದ ಐದು ಸಾಲೂ ಹೀಗೆಯೇ. ನಲವತ್ತು ವರ್ಷ ಬಾಗಿಲು, ಕಿಟಕಿ, ದೇವರ ಮಂಟಪ ಮಾಡಿದ ಕೈ ಅವನದು. ಎರಡು ಮರ ಕೂಡುವ ಸಂದಿನಲ್ಲಿ ಕೂದಲು ಕೂಡ ತೂರಬಾರದು ಎಂದು ಹೊಡೆಸಿಕೊಂಡು ಕಲಿತವನು. ಇಲ್ಲಿ ನೋಡಿದರೆ ಇರುವೆ ಸಂಸಾರ ಸಮೇತ ಇಳಿದುಹೋಗುವಷ್ಟು ಜಾಗ. ಕೂರಿಸಿದವಳು ಹೆತ್ತ ಮಗಳು.

ಅರೆಕೆರೆಯ ಬೈರಣ್ಣನ ಮೂರನೇ ಮಹಡಿಯ ಮೇಲಿನ ತಾರಸಿ ಅದು. ಇದೇ ನೆಲದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಬೈರಣ್ಣ ಈಗ ಬಾಡಿಗೆ ಬೆಳೆಯುತ್ತಾನೆ. ತಾರಸಿಗೆ ಹಲಗೆ ಹಾಸಿದ ಡೆಕ್ ಬೇಕೆಂದದ್ದು ಸೊಸೆ. ಬಿಸಿಲು ಮಳೆಗೆ ಮರ ತಾಳುವುದಿಲ್ಲವೆಂದು ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಒತ್ತಿದ ಕಾಂಪೋಸಿಟ್ ಹಲಗೆ ತರಿಸಿದ್ದರು. ಕೆಲಸ ಹಿಡಿದವಳು ಯಲ್ಲಯ್ಯನ ಮಗಳು ಮೈತ್ರಿ; ಅವನು ಬಂದದ್ದು ಅವಳ ಕೈಕೆಳಗೆ. ಬಿಟಿಎಂನ ಇಂಟೀರಿಯರ್ ಕಂಪನಿಯೊಂದರಲ್ಲಿ ಆರು ವರ್ಷ ಸೈಟು ನೋಡಿಕೊಂಡಿದ್ದವಳು ತನ್ನ ಹೆಸರಿನಲ್ಲಿ ಒಪ್ಪಿಕೊಂಡ ಮೊದಲ ಕೆಲಸ ಇದು. ಚೆನ್ನಾಗಿ ಆದರೆ ಬೈರಣ್ಣನ ತಮ್ಮಂದಿರ ಎರಡು ತಾರಸಿಗಳೂ ಅವಳಿಗೇ. ಕೆಟ್ಟರೆ, ಹೆಣ್ಣು ಮೇಸ್ತ್ರಿ ಎಂಬ ಮಾತು ಅಲ್ಲಿಗೇ ಮುಗಿಯಿತು.

ಬೈರಣ್ಣನಿಗೆ ಮಾತ್ರ ಆ ಹೆಣ್ಣು ಮೇಸ್ತ್ರಿ ಕಣ್ಣಿಗೇ ಕಾಣುತ್ತಿರಲಿಲ್ಲ. ಬಣ್ಣ ಆರಿಸುವ ದಿನ ಅವಳ ತಲೆಯ ಮೇಲಿಂದ ಅಪ್ಪನನ್ನು ನೋಡಿ, "ಯಲ್ಲಯ್ಯ, ಆ ಕಪ್ಪು ತೇಗದ ಬಣ್ಣದ್ದು ಹಾಕ್ಬುಡು. ಗತ್ತಾಗಿರ್ತದೆ" ಎಂದಿದ್ದ.

ಮೈತ್ರಿ ವಾದಕ್ಕೆ ಹೋಗಲಿಲ್ಲ. ಮೂರು ಬಣ್ಣದ ತುಂಡುಗಳನ್ನು ನಡುಹಗಲಿನ ಬಿಸಿಲಿಗೆ ಇಟ್ಟು ಬೈರಣ್ಣನ ಹೆಂಡತಿ ಲಕ್ಷ್ಮಮ್ಮನನ್ನು ಕರೆದಳು. ಸಂಡಿಗೆ ಒಣಗಿಸಲು, ತುಳಸಿಗೆ ನೀರು ಹಾಕಲು ದಿನಾ ಬರಿಗಾಲಲ್ಲಿ ತಾರಸಿ ಹತ್ತುವವಳು ಆಕೆಯೇ.

"ಅಮ್ಮೋರೇ, ಒಂದೊಂದ್ರ ಮೇಲೂ ಸ್ವಲ್ಪ ಹೊತ್ತು ನಿಂತ್ಕೊಳಿ."

ಕಪ್ಪಿನ ಮೇಲೆ ಕಾಲಿಟ್ಟ ಲಕ್ಷ್ಮಮ್ಮ "ಅಯ್ಯಯ್ಯೋ!" ಎಂದು ಹಾರಿದಳು. ತಿಳಿ ಬೂದು ಬಣ್ಣದ್ದರ ಮೇಲೆ ಆರಾಮಾಗಿ ನಿಂತಳು. "ಇದೇ ಇರ್ಲಿ ಕಣಮ್ಮ. ಗತ್ತು ಬೇಕಾದೋರು ಚಪ್ಲಿ ಹಾಕ್ಕೊಂಡ್ ಓಡಾಡ್ಲಿ."

ಬೈರಣ್ಣ ಆಗಲೂ ಅಪ್ಪನನ್ನೇ ನೋಡಿ, "ಆಯ್ತು ಯಲ್ಲಯ್ಯ, ನೀನ್ ಹೇಳ್ದಂಗೇ ಆಗ್ಲಿ" ಎಂದ. ಯಲ್ಲಯ್ಯ ತುಟಿಯನ್ನೇ ಬಿಚ್ಚಿರಲಿಲ್ಲ. ಹಾಗೆಂದು ಹೇಳಲೂ ಇಲ್ಲ. ಒಳಗೊಳಗೇ ಹಿತವಾಗಿತ್ತು.

ನಿನ್ನೆ ಸಂದಿನ ಅಳತೆಗೆ ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿಸುತ್ತ ಮಗಳು ಹೇಳಿದ್ದಳು: "ಅಪ್ಪ, ತುದೀಲಿ ಐದು ಮಿಲಿಮೀಟರ್ ಬಿಡ್ಲೇಬೇಕು. ಗೋಡೆ ಹತ್ರ ಹತ್ತು. ಬಿಸ್ಲಿಗೆ ಇವು ಉದ್ದಕ್ಕೆ ಬೆಳೀತವೆ."

"ಮರ ಉಬ್ಬೋದು ಮಳೇಲಿ, ಅದೂ ಅಡ್ಡಕ್ಕೆ. ಬಿಸ್ಲಲ್ಲಿ ಉದ್ದ ಬೆಳೆಯೋ ಮರ ನಾನಂತೂ ಕಂಡಿಲ್ಲ."

"ಇದು ಮರ ಅಲ್ಲ ಅಪ್ಪ."

ಅವನು ನಕ್ಕಿದ್ದ. ಇವತ್ತು ನಗು ಬರಲಿಲ್ಲ. ಮೈತ್ರಿ ಹಲಗೆ ಹಿಡಿದಿಡುವ ಕ್ಲಿಪ್ಪು ತರಲು ಬನಶಂಕರಿಗೆ ಹೋಗಿದ್ದಳು, ಬರುವುದು ಮಧ್ಯಾಹ್ನವೇ. ಕಾಫಿ ಕುಡಿದು ಬೈರಣ್ಣ ಮೇಲೆ ಬರುತ್ತಾನೆ, ಈ ಸಂದುಗಳನ್ನು ನೋಡುತ್ತಾನೆ, ಯಲ್ಲಯ್ಯನ ಮಗಳಿಗೆ ಎರಡು ಹಲಗೆ ಕೂಡಿಸಲೂ ಬರುವುದಿಲ್ಲ ಎನ್ನುತ್ತಾನೆ. ಅದನ್ನು ಕೇಳಿಸಿಕೊಳ್ಳುವ ಶಕ್ತಿ ಯಲ್ಲಯ್ಯನಿಗಿರಲಿಲ್ಲ. ಕೊನೆಯ ಸಾಲಿನಿಂದ ಕ್ಲಿಪ್ಪುಗಳ ಸ್ಕ್ರೂ ಬಿಚ್ಚುತ್ತ ಬಂದು, ಹಲಗೆಗಳನ್ನು ಒಂದಕ್ಕೊಂದು ಒತ್ತಿ, ಮತ್ತೆ ಬಿಗಿದ. ಗೋಡೆಯ ಕಡೆ ಉಳಿದ ಜಾಗಕ್ಕೆ ಚೂರುಪಟ್ಟಿ ಕೊಯ್ದು ಬಡಿದ. ಮುಗಿದಾಗ ಒಂಬತ್ತು ಗಂಟೆ. ಉಗುರು ಎಲ್ಲೂ ಇಳಿಯಲಿಲ್ಲ. ಮಗಳ ಮಾನ ಉಳಿಸಿದೆನೆಂದು ಅವನ ಮನಸ್ಸು ತುಂಬಿ ಬಂತು.

"ಏನ್ ಕೈಯಯ್ಯ ನಿಂದು!" ಎಂದ ಬೈರಣ್ಣ, ಮೇಲೆ ಬಂದವನು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಇಲ್ಲಿ ಬುದ್ಧಿ ಬಂದದ್ದು ಹನ್ನೆರಡೂವರೆಗೆ. ಏಪ್ರಿಲ್ ಬಿಸಿಲು ನೆತ್ತಿಗೇರಿದಾಗ ಟಕ್ ಎಂದು ಒಂದು ಕ್ಲಿಪ್ಪು ಕಿತ್ತುಬಂತು, ಹಿಂದೆಯೇ ಇನ್ನೊಂದು. ಎಣ್ಣೆಗೆ ಬಿಟ್ಟ ಹಪ್ಪಳದಂತೆ ಹಲಗೆಗಳು ಸಂದಿನ ಕಡೆ ಮೇಲೆದ್ದವು. ಸಂಡಿಗೆಯ ಮೊರ ಹಿಡಿದು ಬಂದ ಲಕ್ಷ್ಮಮ್ಮ ಎಡವಿ ಮುಗ್ಗರಿಸಿದಳು. ಆಕೆಗೆ ಏನೂ ಆಗಲಿಲ್ಲ, ಸಂಡಿಗೆಯೆಲ್ಲ ತಾರಸಿಯ ಪಾಲಾಯಿತು. ಸದ್ದಿಗೆ ಬೈರಣ್ಣ ಓಡಿ ಬಂದ. ಅವನ ಹಿಂದೆಯೇ ಕ್ಲಿಪ್ಪಿನ ಡಬ್ಬ ಹಿಡಿದು ಮೈತ್ರಿ ಮೆಟ್ಟಿಲು ಹತ್ತಿದಳು.

"ನೋಡ್ದಾ ಯಲ್ಲಯ್ಯ? ಹೆಣ್ ಹುಡ್ಗಿ ಕೈಗೆ ಕೊಟ್ರೆ ಇದೇ ಆಗೋದು! ಸಾಕು ಇವ್ಳ ಕೆಲ್ಸ. ನಾಳೆಯಿಂದ ನೀನೇ ಮಾಡು, ಇಲ್ಲಾಂದ್ರೆ ಬೇರೆಯೋರ್ನ ಕರೀತೀನಿ."

ಮೈತ್ರಿ ಗೋಡೆಯ ಬಳಿ ಕುಕ್ಕರಗಾಲಲ್ಲಿ ಕೂತು ಚೂರುಪಟ್ಟಿಗಳನ್ನು ಮುಟ್ಟಿ ನೋಡಿದಳು. ಅಷ್ಟು ನೇರವಾಗಿ ಕೊಯ್ಯುವ ಕೈ ಯಾರದೆಂದು ಅವಳಿಗೆ ಗೊತ್ತು. ಒಮ್ಮೆ ಅಪ್ಪನ ಕಡೆ ನೋಡಿದಳು, ಅಷ್ಟೆ. ಅವಳು ಹೇಳುವುದಿಲ್ಲ ಎಂದು ಯಲ್ಲಯ್ಯನಿಗೆ ಖಾತ್ರಿಯಾಯಿತು. ಬಣ್ಣದ ದಿನ ಸುಮ್ಮನಿದ್ದಂತೆ ಇವತ್ತೂ ಸುಮ್ಮನಿದ್ದುಬಿಡಬಹುದಿತ್ತು. ಅವನಿಗೆ ನಾಚಿಕೆಯಾಯಿತು.

"ಯಜಮಾನ್ರೇ, ಅವ್ಳು ಸರಿಯಾಗೇ ಸಂದು ಬಿಟ್ಟಿದ್ಲು. ಬೆಳಗ್ಗೆ ಅದ್ನ ಮುಚ್ಚಿದ್ದು ನಾನು." ಅವನು ಚೂರುಪಟ್ಟಿಗಳ ಕಡೆ ಕೈ ತೋರಿಸಿದ. "ಆವತ್ತು ಬಣ್ಣಾನೂ ನಾನ್ ಹೇಳಿದ್ದಲ್ಲ. ಇಲ್ಲಿ ಮೇಸ್ತ್ರಿ ಅವ್ಳು. ಏನೇ ಇದ್ರೂ ಅವ್ಳನ್ನೇ ಕೇಳಿ."

ಬೈರಣ್ಣ ಹಲಗೆ ನೋಡಿದ, ಹೆಂಡತಿಯನ್ನು ನೋಡಿದ. "ಕೇಳಿ ಮತ್ತೆ" ಎಂದಳು ಲಕ್ಷ್ಮಮ್ಮ, ಸಂಡಿಗೆ ಆರಿಸುತ್ತ.

"ಈಗೇನಮ್ಮ ಮಾಡೋದು?" ಎಂದ ಬೈರಣ್ಣ, ಮೈತ್ರಿಗೆ.

"ಹಲಗೆ ಬಿರುಕು ಬಿಟ್ಟಿಲ್ಲ ಸಾರ್. ಬಿಚ್ಚಿದ್ರೆ ಮಲಗ್ತವೆ. ಸಾಯಂಕಾಲದೊಳಗೆ ಸರಿ ಮಾಡ್ತೀನಿ."

ಅಪ್ಪ ಮಗಳು ಐದು ಸಾಲನ್ನೂ ಬಿಚ್ಚಿದರು. ಮತ್ತೆ ಮೊದಲನೇ ಸಾಲು ಕೂರಿಸುವಾಗ ಯಲ್ಲಯ್ಯ ನಿನ್ನೆಯ ಬಿಲ್ಲೆಯನ್ನೇ ಹುಡುಕಿ ಮುಂದೆ ಹಿಡಿದ. ಮೈತ್ರಿ ಅದನ್ನು ಪಕ್ಕಕ್ಕಿಟ್ಟು ಜೇಬಿನಿಂದ ತೆಳುವಾದದ್ದೊಂದನ್ನು ತೆಗೆದಳು.

"ಈಗ ಎರಡೇ ಮಿಲಿಮೀಟರ್ ಸಾಕು ಅಪ್ಪ. ಬಿಸ್ಲಿಗೆ ಆಗ್ಲೇ ಬೆಳೆದಿದಾವೆ."

ಯಲ್ಲಯ್ಯ ಸ್ಕ್ರೂಡ್ರೈವರನ್ನು ಸ್ಕ್ರೂ ತಲೆಗೆ ಇಟ್ಟ. "ಬಿಗೀಲಾ?"

"ತಡಿ."

ಅವಳು ಕೆನ್ನೆ ಹಲಗೆಗೆ ತಾಗುವಷ್ಟು ಬಗ್ಗಿ ಸಂದಿನುದ್ದಕ್ಕೂ ನೋಡುತ್ತಿದ್ದಳು. ಯಲ್ಲಯ್ಯ ಮಂಡಿಯೂರಿಕೊಂಡು, ಕೈ ಅಲ್ಲಾಡಿಸದೆ, ಕಾದ.