ಎಲ್ಲರ ಮುಖವೂ ಪೊರಕೆ

ಆಸ್ಪತ್ರೆಯ ಕಸ ಗುಡಿಸುವ ಹೆಂಗಸರೆಲ್ಲ ಫೇಸ್‌ಬುಕ್‌ನಲ್ಲಿದ್ದ ತಮ್ಮ ಫೋಟೊ ತೆಗೆದುಹಾಕಿ ಪೊರಕೆಯ ಚಿತ್ರ ಹಾಕಿಕೊಂಡರು. ಹೆಸರಿನ ಜಾಗದಲ್ಲೂ 'ಪೊರಕೆ' ಎಂದೇ ಬರೆದುಕೊಂಡರು. ಅವರಲ್ಲಿ ಅತ್ತಿಗೆ-ನಾದಿನಿಯರೂ ಇದ್ದರು; ಉಪಾಯ ನಾದಿನಿಯದು. ಬರೆದವರು ಯಾರೆಂದೇ ಗೊತ್ತಾಗದಿದ್ದರೆ ಸೂಪರ್‌ವೈಸರ್ ಯಾರನ್ನು ತಾನೇ ಕೆಲಸದಿಂದ ತೆಗೆದಾನು? ಚುನಾವಣೆಗೆ ನಿಂತವನು ತನ್ನ ಪುಟದಲ್ಲಿ ಹಲ್ಲು ಕಿರಿದ ಫೋಟೊ ಹಾಕಲಿ, ಮಗು ಎತ್ತಿಕೊಂಡ ಫೋಟೊ ಹಾಕಲಿ, ಕೆಳಗೆ ಸಾಲುಸಾಲು ಪೊರಕೆಗಳು: 'ನಮ್ಮ ಕೆಲಸ ಖಾಯಂ ಮಾಡ್ತೀರೋ ಇಲ್ವೋ?' ಆಸಾಮಿ ಕಂಗಾಲು! ನಾದಿನಿಯ ಜೊತೆಗೇ ನೆಲ ಒರೆಸುವ ಅತ್ತಿಗೆ, ಅಂದರೆ ಅವಳ ಅಣ್ಣನ ಹೆಂಡತಿ, ಓದಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗುರುವಾರ ಬೆಳಿಗ್ಗೆ ಯಾರೂ ಒಳಗೆ ಹೋಗದೆ ಗೇಟಿನಲ್ಲೇ ನಿಲ್ಲುವುದೆಂದು ತೀರ್ಮಾನವಾಯಿತು. ಎಲ್ಲರೂ ನಿಂತರೆ ಕೆಲಸ ಖಾಯಂ ಆಗುವ ಆಸೆಯುಂಟು. ಒಬ್ಬಿಬ್ಬರೇ ನಿಂತರೆ ಇದ್ದ ಕೆಲಸಕ್ಕೂ ಕುತ್ತು.

ಬುಧವಾರ ಮಧ್ಯಾಹ್ನ ಆ ಅಭ್ಯರ್ಥಿಯ ಪುಟದಲ್ಲಿ ಒಂದು ಪೊರಕೆ ಬರೆದಿತ್ತು: 'ಸರ್ ಮಾತು ಕೊಟ್ಟಿದ್ದಾರೆ. ನಾಳೆ ಮುಷ್ಕರ ಇಲ್ಲ. ನಮ್ಮ ವೋಟು ಸರ್‌ಗೇ.'

ಹೆಂಗಸರ ಫೇಸ್‌ಬುಕ್ ಗುಂಪಿನಲ್ಲಿ ಗದ್ದಲವೋ ಗದ್ದಲ.

'ಯಾರೇ ಅದು ಬರೆದವಳು?' ಎಂದಿತು ಒಂದು ಪೊರಕೆ.

'ನಾನಲ್ಲ.'

'ನಾನಂತೂ ಅಲ್ವೇ ಅಲ್ಲ.'

'ನಾನು ಅಂದ್ರೆ ಯಾರು, ಅದನ್ನ ಬೊಗಳು ಮೊದಲು!'

'ಹೇಳಿದ್ರೆ ಸೂಪರ್‌ವೈಸರ್‌ಗೆ ಗೊತ್ತಾಗಲ್ವಾ?'

ಅಲ್ಲ, ಆ ಚಿತ್ರ ಹಾಕಿಕೊಳ್ಳಲು ಯಾರಪ್ಪನ ಅಪ್ಪಣೆ ಬೇಕಿತ್ತು? ಅಭ್ಯರ್ಥಿಯ ಕಡೆಯವನೇ ಯಾವನೋ ಪೊರಕೆಯಾಗಿ ಬಂದಿರಬಹುದು. ಅಷ್ಟು ಒಬ್ಬಳಿಗಾದರೂ ಹೊಳೆಯಬೇಕಲ್ಲ! ಅತ್ತಿಗೆಗೆ ಹೊಳೆದದ್ದು ಬೇರೆಯೇ. ಮನವಿ ಕೊಡಲು ಅವನ ಆಫೀಸಿಗೆ ಹೋಗಿದ್ದವಳು ನಾದಿನಿಯೊಬ್ಬಳೇ. ಕೂರಿಸಿ ಕಾಫಿ ಬೇರೆ ಕೊಟ್ಟರಂತೆ.

"ನೀನೇನೇ ಅದನ್ನ ಬರೆದದ್ದು?" ಬಟ್ಟೆ ಬದಲಿಸುವ ಕೋಣೆಯಲ್ಲಿ ಕೇಳಿಯೇಬಿಟ್ಟಳು.

"ನನ್ನನ್ನ ಕೇಳ್ತಿದೀರಾ ಅತ್ತಿಗೆ?"

"ಕಾಫಿ ಕುಡಿದು ಬಂದವಳು ನೀನೇ ತಾನೇ?"

ನಾದಿನಿಯ ಮುಖ ಸಪ್ಪಗಾಯಿತು. "ನಾಳೆ ಗೇಟಿನ ಹತ್ರ ಬನ್ನಿ, ಗೊತ್ತಾಗತ್ತೆ," ಎಂದು ಚೀಲ ಹೆಗಲಿಗೇರಿಸಿ ಹೊರಟೇಹೋದಳು.

ಇದನ್ನು ಹೌದೆಂದುಕೊಳ್ಳಬೇಕೋ, ಅಲ್ಲವೆಂದುಕೊಳ್ಳಬೇಕೋ? ಹೋಗಿ ನಿಂತರೆ, ತಾನೊಬ್ಬಳೇ ಆಗಿಬಿಟ್ಟರೆ? ಹೋಗದೆ ಇದ್ದರೆ, ಉಳಿದವರೆಲ್ಲ ಬಂದುಬಿಟ್ಟಿದ್ದರೆ? ಫೋನು ನೋಡಿದರೆ ಒಂದು ಪೊರಕೆ 'ಬನ್ನಿ' ಎನ್ನುತ್ತದೆ, ಇನ್ನೊಂದು 'ಬರಬೇಡಿ' ಎನ್ನುತ್ತದೆ. ಅತ್ತಿಗೆ ಫೋನನ್ನು ದಿಂಬಿನಡಿ ತುರುಕಿ ಮಲಗಿದಳು.

ಬೆಳಿಗ್ಗೆ ಹಿಂದಿನ ಬಾಗಿಲಿನಿಂದ ಒಳಹೊಕ್ಕಳು. ಬಕೆಟ್ ತುಂಬಿಸಿಕೊಂಡು ಎರಡನೇ ಮಹಡಿಯ ಕಿಟಕಿಯಿಂದ ಇಣುಕಿದಳು. ಗೇಟಿನಲ್ಲಿ ನಾದಿನಿ, ಅವಳೊಬ್ಬಳೇ. ಇಬ್ಬರು ಹಿಡಿಯಬೇಕಾದ ಬ್ಯಾನರಿನ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ನೆಲಕ್ಕೆ ಬಿದ್ದಿತ್ತು. ಸೂಪರ್‌ವೈಸರ್ ಎದುರಿಗೇ ನಿಂತು ಅವಳ ಫೋಟೊ ಹೊಡೆದುಕೊಳ್ಳುತ್ತಿದ್ದ.

ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅತ್ತಿಗೆ ಕಿಟಕಿಯಿಂದ ತಿರುಗುವಷ್ಟರಲ್ಲಿ ಆಸ್ಪತ್ರೆಯದೇ ಎದುರು ಕಟ್ಟಡದ ಕಡೆ ಕಣ್ಣು ಹೋಯಿತು. ಒಂದೊಂದು ಕಿಟಕಿಯಲ್ಲೂ ಒಬ್ಬೊಬ್ಬಳು, ಎಲ್ಲರೂ ಕೆಲಸದ ಬಟ್ಟೆಯಲ್ಲಿ, ಎಲ್ಲರೂ ಗೇಟನ್ನೇ ನೋಡುತ್ತ.

"ಬನ್ರೇ ಕೆಳಗೆ!" ಎಂದು ಗಂಟಲು ಹರಿಯುವಂತೆ ಕೂಗಿದಳು.

ಒಬ್ಬಳು ಕಿಟಕಿಯಿಂದ ಹಿಂದೆ ಸರಿದಳು. ಇಳಿದು ಬರಲಿಕ್ಕೋ, ಅಡಗಿಕೊಳ್ಳಲಿಕ್ಕೋ, ತಿಳಿಯಲಿಲ್ಲ. ಅತ್ತಿಗೆ ಬಕೆಟನ್ನು ಅಲ್ಲೇ ಬಿಟ್ಟು ಒಬ್ಬಳೇ ಮೆಟ್ಟಿಲಿಳಿದಳು.